ನೂರಿಪ್ಪತ್ತು ಜನಕ್ಕೆ ಉಪ್ಪಿಟ್ಟು

ಕೆ.ಆರ್. ಪೇಟೆ ತಾಲೂಕು ಕಚೇರಿ ಕಾಂಪೌಂಡಿನೊಳಗೆ, ಹೊಂಗೆ ಮರದ ಬುಡದಲ್ಲಿ ಒಂದು ಹಸಿರು ತಗಡಿನ ಅಂಗಡಿ ಇದೆ. ‘ಜೈ ಜವಾನ್ ಟೀ ಮತ್ತು ತಿಂಡಿ. ಮಾಲೀಕರು: ಹವಾಲ್ದಾರ್ ಮುದ್ದಯ್ಯ, ಮಾಜಿ ಸೈನಿಕರು’ ಅಂತ ದಪ್ಪಕ್ಷರದ ಬೋರ್ಡು. ಬೋರ್ಡು ನೋಡಿ ಮೋಸ ಹೋಗಬೇಡಿ. ಮಾಲೀಕನೇನೋ ಮುದ್ದಯ್ಯನೇ, ಆದರೆ ಮಾಲೀಕನಿಗೆ ಒಲೆ ಹತ್ತಿರ ಸುಳಿಯುವ ಅಧಿಕಾರ ಇಲ್ಲ. ಲೋಟ ತೊಳೆಯಬಹುದು, ಬೆಂಚು ಒರಸಬಹುದು, ಗಿರಾಕಿಗಳಿಗೆ ಬೇಕಾದಷ್ಟು ಸುಳ್ಳು ಹೇಳಬಹುದು. ಸೌಟು ಮುಟ್ಟಿದರೆ ಮಾತ್ರ ಹೆಂಡತಿ ದ್ಯಾವಮ್ಮ ಸುಮ್ಮನಿರುವುದಿಲ್ಲ.

ಹಾಗಂತ ಮುದ್ದಯ್ಯನಿಗೆ ಅಡುಗೆ ಬರಲ್ಲ ಅಂದುಕೊಂಡರೆ ಅಯ್ಯೋ, ಅದಕ್ಕಿಂತ ಅನ್ಯಾಯದ ಮಾತಿಲ್ಲ. ಹತ್ತೊಂಬತ್ತು ವರ್ಷ ಮಿಲ್ಟ್ರಿಯಲ್ಲಿ ಅವನು ಹಿಡಿದದ್ದು ಸೌಟನ್ನೇ. ತೊಂದರೆ ಇಷ್ಟೇ: ಅವನ ಕಂಪನಿಯಲ್ಲಿ ಇದ್ದವರು ನೂರಿಪ್ಪತ್ತು ಜನ. ಬೆಳಿಗ್ಗೆ ನೂರಿಪ್ಪತ್ತು, ಮಧ್ಯಾಹ್ನ ನೂರಿಪ್ಪತ್ತು, ರಾತ್ರಿ ನೂರಿಪ್ಪತ್ತು. ಹಾಗೆ ಬೇಯಿಸಿ ಬೇಯಿಸಿ ಅವನ ಕೈಗೆ ಅದೊಂದೇ ಲೆಕ್ಕ ಗಟ್ಟಿಯಾಗಿ ಕೂತುಬಿಟ್ಟಿತು. ರವೆ ಹನ್ನೆರಡು ಕೆ.ಜಿ., ಈರುಳ್ಳಿ ನಾಲ್ಕು, ಹಸಿಮೆಣಸಿನಕಾಯಿ ಅರ್ಧ, ಎಣ್ಣೆ ಎರಡು ಲೀಟರು, ಉಪ್ಪು ಬೊಗಸೆ ಮೇಲೆ ಬೊಗಸೆ. ಕಣ್ಣು ಕಟ್ಟಿ ಬಿಟ್ಟರೂ ಹದ ತಪ್ಪುವುದಿಲ್ಲ. ನಾಲ್ಕು ಜನಕ್ಕೆ ಮಾಡು ಅಂದರೆ ಮಾತ್ರ ಮುಗೀತು ಕಥೆ. ರವೆ ನಾಲ್ಕು ಜನರದ್ದು ಹಾಕುತ್ತಾನೆ, ಉಪ್ಪು ಕೈ ತಾನೇ ತಾನಾಗಿ ನೂರಿಪ್ಪತ್ತು ಜನರದ್ದು ಎತ್ತುತ್ತದೆ.

ಇದು ಮೊದಲು ಬಯಲಾದದ್ದು ಮಗಳು ರಮ್ಯನ ನೋಡೋಕೆ ಪಾಂಡವಪುರದಿಂದ ಎಂಟು ಜನ ಬಂದಾಗ. ಆಗ ಮುದ್ದಯ್ಯ ಪಿಂಚಣಿ ತಗೊಂಡು ಅಕ್ಕಿಹೆಬ್ಬಾಳಿನ ಮನೆಗೆ ಹೊಸದಾಗಿ ಬಂದಿದ್ದ. "ಅಮ್ಮಿ, ಇವತ್ತು ನೀನು ಸುಮ್ಕೆ ಕೂತ್ಕೊ, ಕೇಸರಿಬಾತು ನಂದು" ಅಂದ. ದ್ಯಾವಮ್ಮ ಹೋಗಲಿ ಪಾಪ, ಆಸೆ ಪಡ್ತಾವ್ರೆ ಅಂತ ಬಿಟ್ಟಳು. ಸಣ್ಣ ಪಾತ್ರೆಯಲ್ಲಿ ಮಾಡಿದರೆ ಕೈ ಕೆಡುತ್ತದೆ ಅಂತ ಅವನಿಗೆ ಗೊತ್ತಿತ್ತು ನೋಡಿ, ಅದಕ್ಕೇ ಬುದ್ಧಿವಂತಿಕೆ ಮಾಡಿ ಪೂರಾ ನೂರಿಪ್ಪತ್ತು ಜನಕ್ಕೇ ಮಾಡಿಬಿಟ್ಟ. ಬೀದಿಗೆ ಬೀದಿಯೇ ಬಂದು ತಿಂದಿತು, ಮಾರನೇ ದಿನ ದನಗಳೂ ತಿಂದವು. ಗಂಡಿನ ಕಡೆಯವರು ಅಂಗಳದ ಪಾತ್ರೆಯಲ್ಲಿ ಹೊಳೆಯುವ ತುಪ್ಪ ನೋಡಿ, ಇವರು ಭಾರಿ ಕುಳ ಅಂದುಕೊಂಡು ಅಲ್ಲೇ ಒಪ್ಪಿಗೆ ಕೊಟ್ಟು ಹೋದರು. ಮದುವೆ ಚೆನ್ನಾಗಿಯೇ ಆಯಿತು. ಆದರೆ ದ್ಯಾವಮ್ಮ ಅವತ್ತೇ ಕೈ ಮುಗಿದು ಹೇಳಿದಳು, "ನೀವು ದೇಸ ಕಾದಿದ್ದು ಸಾಕು, ಇನ್ಮೇಕೆ ನನ್ ಒಲೆ ತಂಟೆಗೆ ಬರಬ್ಯಾಡಿ."

ಮೂರು ವರ್ಷದ ಹಿಂದೆ ಸರ್ಕಾರದವರು ಮಾಜಿ ಸೈನಿಕರ ಕೋಟಾದಲ್ಲಿ ಈ ಮಳಿಗೆ ಕೊಟ್ಟಾಗ ಮುದ್ದಯ್ಯನ ಮೀಸೆ ಒಂದಂಗುಲ ಮೇಲೆದ್ದಿತು. ಬಾಡಿಗೆ ಅರ್ಧಕ್ಕರ್ಧ ಕಡಿಮೆ, ಗ್ರೈಂಡರು ಫ್ರಿಡ್ಜು ಕೊಳ್ಳೋಕೆ ಸಬ್ಸಿಡಿ ಸಾಲ ಬೇರೆ. ಮಂಜೂರಾತಿ ಪತ್ರ ಕೈಗೆ ಬಂದ ದಿನವೇ ಅವನು ಓಡಿದ್ದು ಪೇಟೆ ಬೀದಿಯ ಪೀರ್ ಅಹಮದ್ ಅಂಗಡಿಗೆ. ಪೀರ್ ಅಹಮದ್ ಫೋಟೋಗಳಿಗೆ ಕಟ್ಟು ಹಾಕುವವನು. ಊರಿನ ಅರ್ಧ ದೇವರುಗಳು, ತೀರಿಕೊಂಡವರಲ್ಲಿ ಮುಕ್ಕಾಲು ಜನ ಅವನ ಗಾಜಿನ ಹಿಂದೆಯೇ ಇರುವುದು.

"ಪೀರಣ್ಣ, ಇದ್ನ ಭರ್ಜರಿಯಾಗಿ ಕಟ್ಟಾಕ್ಕೊಡು. ಕೆಳ್ಗಡೆ ಮೂಲೇಲಿ ನನ್ ಯೂನಿಫಾರಂ ಫೋಟೋ ಅಂಟಿಸ್ಬೇಕು."

"ಅರೆ ಮುದ್ದಣ್ಣ, ಎರಡು ಹಾಳೆ ಐತಲ್ಲ ಇದ್ರಲ್ಲಿ. ಇನ್ನೊಂದು?"

"ಅದ್ನ ಹಿಂದ್ಗಡೆ ಸೇರ್ಸಿ ಮೊಳೆ ಹೊಡಿ. ಕಳ್ದೋಗ್ದಂಗೆ ಇರ್ಲಿ."

ಮುದ್ದಯ್ಯ ಓದಿದ್ದು ಮೊದಲನೇ ಹಾಳೆ ಮಾತ್ರ. ಅದರ ಕೊನೇ ಸಾಲು ಹೀಗಿತ್ತು: ‘ಮಳಿಗೆಯನ್ನು ಮಾಜಿ ಸೈನಿಕರು ಖುದ್ದಾಗಿ ನಡೆಸತಕ್ಕದ್ದು. ಅನ್ಯರು ನಡೆಸುತ್ತಿರುವುದು ಕಂಡುಬಂದಲ್ಲಿ ಮಂಜೂರಾತಿಯನ್ನು ರದ್ದುಪಡಿಸಲಾಗುವುದು.’ ರದ್ದು ಅನ್ನುವ ಮಾತು ಓದಿದ ಮೇಲೆ ಮುಂದಿನ ಹಾಳೆ ತಿರುಗಿಸುವ ಧೈರ್ಯ ಯಾರಿಗಿರುತ್ತದೆ ಹೇಳಿ? ಸರ್ಕಾರ ಹಾಗೆ ಬರೆದದ್ದೂ ತಪ್ಪಲ್ಲ. ಎಷ್ಟೋ ಕಡೆ ಸೈನಿಕನ ಹೆಸರಲ್ಲಿ ಮಳಿಗೆ ತಗೊಂಡು ಇನ್ಯಾವನೋ ಕಂಟ್ರಾಕ್ಟರು ವ್ಯಾಪಾರ ಮಾಡ್ತಾ ಇರ್ತಾನೆ, ಸೈನಿಕ ಮನೆಯಲ್ಲಿ ಕಾಲು ಚಾಚಿಕೊಂಡು ಕೂತಿರುತ್ತಾನೆ. ಅದನ್ನ ತಡೆಯೋಕೆ ಬರೆದದ್ದು ಅದು. ಆದರೆ ಮುದ್ದಯ್ಯನ ಎದೆ ಧಸಕ್ ಅಂತು. ಒಲೆ ಮುಂದೆ ನಿಲ್ಲುವವಳು ದ್ಯಾವಮ್ಮ. ಹಾಗಾದರೆ ನಡೆಸುವವಳು ಅವಳೇ ಅಂತಾಯ್ತಲ್ಲಪ್ಪ!

ಕಟ್ಟು ಹಾಕಿದ ಪತ್ರ ಅಂಗಡಿಯ ಗೋಡೆಗೆ ಏರಿತು. ದ್ಯಾವಮ್ಮ ದಿನಾ ಬೆಳಿಗ್ಗೆ ಅದಕ್ಕೆ ಕುಂಕುಮ ಇಟ್ಟು, ಎರಡು ಸೇವಂತಿಗೆ ಸಿಕ್ಕಿಸಿ, ಊದುಬತ್ತಿ ಹಚ್ಚಿ ಕೈ ಮುಗಿಯುವಳು. ಕುಂಕುಮ ಬಿದ್ದೂ ಬಿದ್ದೂ ಸರ್ಕಾರದ ಮೊಹರು ಕಾಣದಂಗಾಯ್ತು.

ಗೇಟಿನ ಹೊರಗೆ ಸಿದ್ದರಾಜು ಅಂತ ಒಬ್ಬನ ಟೀ ಗಾಡಿ ಇದೆ. ಆ ಹೊಂಗೆ ಮರದ ನೆರಳಿನ ಜಾಗದ ಮೇಲೆ ಅವನೂ ಕಣ್ಣಿಟ್ಟಿದ್ದವನೇ. ಕೋಟಾ ಅಂತ ಮುದ್ದಯ್ಯನಿಗೆ ಹೋದ ಮೇಲೆ ಅವನ ಹೊಟ್ಟೆಗೆ ಬಿದ್ದ ಬೆಂಕಿ ಇನ್ನೂ ಆರಿಲ್ಲ. ದಿನಾ ಗೇಟಿನ ಸಂದಿಯಿಂದ ಇಣುಕಿ ನೋಡುವುದು, ಬಂದ ಗಿರಾಕಿಗಳಿಗೆ "ಯಜಮಾನ್ರು ಬರೀ ಬೋರ್ಡಿಗೆ ಕಣಣ್ಣ" ಅಂತ ಮೂಗು ಮುರಿಯುವುದು. ಈ ಸಿದ್ದರಾಜುವಿನ ಭಯಕ್ಕೇ ಮುದ್ದಯ್ಯ ಒಂದು ಡ್ರಿಲ್ ಕಂಡುಹಿಡಿದ.

ಡ್ರಿಲ್ ಏನಪ್ಪ ಅಂದರೆ, ಗೇಟಿನಲ್ಲಿ ಸರ್ಕಾರಿ ಜೀಪು ಕಂಡ ತಕ್ಷಣ ಮುದ್ದಯ್ಯ ಕುತ್ತಿಗೆಗೆ ನೇತುಹಾಕಿಕೊಂಡ ಮಿಲ್ಟ್ರಿ ಪೀಪಿ ಊದುತ್ತಾನೆ. ಒಂದೇ ಒಂದು ಪುರ್ರ್. ದ್ಯಾವಮ್ಮ ಸೌಟನ್ನ ಅವನ ಕೈಗೆ ಕೊಟ್ಟು, ಸೆರಗು ತಲೆ ಮೇಲೆ ಎಳಕೊಂಡು, ಹಿಂದಿನ ಬಾಗಿಲಿಂದ ಹೋಗಿ ಲೋಟ ತೊಳೆಯೋಕೆ ಕೂರಬೇಕು. ಮುದ್ದಯ್ಯ ಒಲೆ ಮುಂದೆ ಎದೆ ಸೆಟೆದು ನಿಂತು ಸಾಂಬಾರನ್ನ ಸುಮ್ಮನೆ ತಿರುಗಿಸುತ್ತಿರಬೇಕು, ಏನೂ ಹಾಕುವಂತಿಲ್ಲ. ಯಾರಾದರೂ ಕೇಳಿದರೆ ದ್ಯಾವಮ್ಮ ‘ಕೂಲಿಯವ್ಳು ಸಾ’ ಅನ್ನಬೇಕು.

ಮೊದಮೊದಲು ದ್ಯಾವಮ್ಮನಿಗೆ ಇದು ನಗೆಪಾಟಲು. ಸೆರಗಿನೊಳಗೆ ಕಿಸಕ್ಕನೆ ನಗುವಳು. ಒಂದು ದಿನ ಯಾರೋ ದೊಡ್ಡ ಸಾಹೇಬರು ಹಿಂದೆ ಹೋಗಿ, ಯಜಮಾನ ಸರಿಯಾಗಿ ಕೂಲಿ ಕೊಡ್ತಾನೇನಮ್ಮ ಅಂತ ಕೇಳಿಬಿಟ್ಟರು. ಅವತ್ತು ಸಂಜೆ ಬಸ್ಸಲ್ಲಿ ಊರಿಗೆ ಹೋಗುವಾಗ ಅವಳು ನಗಲಿಲ್ಲ.

"ಏನೇಳ್ಲಿ ಅವ್ರಿಗೆ? ನೀವು ಹತ್ತೊಂಬತ್ತು ವರ್ಸ ಅಲ್ಲೆಲ್ಲೋ ಇದ್ರಿ. ಇಲ್ಲಿ ದನ, ಗದ್ದೆ, ಮಗಿನ ಜ್ವರ, ನಿಮ್ಮವ್ವನ ಬಾಯಿ, ಎಲ್ಲಾನು ನಾನ್ ನೋಡ್ಕಂಡೆ. ಈಗ ನೋಡುದ್ರೆ ನಾನು ಕೂಲಿಯವ್ಳು."

"ಅಯ್ಯೋ ಅಮ್ಮಿ, ಡ್ರಿಲ್ಲು ಕಣಮ್ಮಿ ಅದು. ಬರೀ ಡ್ರಿಲ್ಲು."

"ಡ್ರಿಲ್ಲಂತೆ" ಅಂದು ಅವಳು ಕಿಟಕಿ ಕಡೆ ತಿರುಗಿದಳು.

ಮುದ್ದಯ್ಯನಿಗೆ ಚುರುಕ್ ಅಂತು, ಅನ್ನಲಿಲ್ಲ ಅಂತಲ್ಲ. ಆದರೆ ಅಂಗಡಿ ಹೋದರೆ ಗತಿಯೇನು? ಪಿಂಚಣಿಯಲ್ಲಿ ಊಟಕ್ಕಾಗುತ್ತೆ, ಆದರೆ ದ್ಯಾವಮ್ಮ ಹುಟ್ಟಿದಾಗಿನಿಂದ ಕಂಡ ಮೊದಲನೇ ಸ್ವಂತದ್ದು ಅನ್ನುವಂಥದ್ದು ಆ ತಗಡಿನ ಗೂಡೊಂದೇ. ಬೆಳಿಗ್ಗೆ ಬೀಗ ತೆಗೆಯುವಾಗ ಅವಳ ಮುಖ ನೋಡಬೇಕು ನೀವು. ಅದಕ್ಕೇ ಅವನು ಮತ್ತೆ ಪೀಪಿ ಊದಿದ, ಮತ್ತೆ ಮತ್ತೆ ಊದಿದ.

ಇನ್ನು ಆ ಗುರುವಾರದ ಸಂಗತಿ.

ಅವತ್ತು ಪಿಂಚಣಿ ಅದಾಲತ್ತು. ತಾಲೂಕಿನ ಮುದುಕ ಮುದುಕಿಯರೆಲ್ಲ ಗೋವಿಂದನಹಳ್ಳಿಯಿಂದ ಹಿಡಿದು ಆ ಕಡೆ ನಾಗಮಂಗಲ ಗಡಿಯ ಊರುಗಳವರೆಗೆ ಕೈಚೀಲದಲ್ಲಿ ಕಾಗದ ತುಂಬಿಕೊಂಡು ಬಂದು ಕಾಂಪೌಂಡಿನಲ್ಲಿ ಕೂತಿದ್ದರು. ಹತ್ತು ಗಂಟೆಗೆ ಬರಬೇಕಾದ ಸಾಹೇಬರು ಹನ್ನೊಂದಾದರೂ ಪತ್ತೆಯಿಲ್ಲ. ಮುದ್ದಯ್ಯನಿಗೆ ಅಂಥ ಗುಂಪು ಕಂಡರೆ ಹಬ್ಬ. ಬೆಂಚಿನ ಮೇಲೆ ಒಂದು ಕಾಲಿಟ್ಟು ತನ್ನ ಪ್ರಸಿದ್ಧ ಸುಳ್ಳೊಂದನ್ನ ಬಿಡುತ್ತಿದ್ದ.

"ಏನ್ ಮಂಜು ಅಂತೀರಿ! ನನ್ ಕೈ ನಂಗೇ ಕಾಣ್ತಿಲ್ಲ. ಆ ಕಡೆ ದೇಸದ ಸಿಪಾಯಿ ಒಬ್ಬ ದಾರಿ ತಪ್ಪಿ ಬಂದು ನಮ್ ಹುಡುಗ್ರ ಲೈನಲ್ಲೇ ತಟ್ಟೆ ಹಿಡ್ಕಂಡ್ ನಿಂತವ್ನೆ. ನಾನು ಉಪ್ಪಿಟ್ಟು ಹಾಕ್ದೆ. ತಿಂದ. ಸುಮ್ಕೆ ಹೋಗ್ಬೇಕೋ ಬ್ಯಾಡ್ವೋ? ಇನ್ನೊಂದ್ ಸತಿ ಲೈನಿಗೆ ಬಂದವ್ನೆ ಕಣ್ರಯ್ಯ! ಅಂಗೇ ಸಿಕ್ಕಾಕ್ಕಂಡ. ನಮ್ಮೋರ್ಯಾರೂ ಎಲ್ಡ್ನೇ ಸತಿ ಕೇಳ್ದೋರಲ್ಲ."

ಮುದುಕರು ಬಾಯಿ ಬಿಟ್ಟು ನಕ್ಕರು. ಮೂಲೆಯ ಬೆಂಚಲ್ಲಿ ಒಂದು ಹೆಣ್ಣುಮಗಳು ಟೀ ಕುಡಿಯುತ್ತ ಕೂತಿದ್ದಳು, ಅವಳೂ ನಕ್ಕಳು. ಮೂವತ್ತು ದಾಟಿರದ ವಯಸ್ಸು, ಕಾಟನ್ ಚೂಡಿದಾರು, ಪಕ್ಕದಲ್ಲಿ ಹೆಲ್ಮೆಟ್ಟು. ಅರ್ಧ ಗಂಟೆಯಿಂದ ಅಲ್ಲೇ ಕೂತು, ದ್ಯಾವಮ್ಮ ಇಡ್ಲಿ ಇಳಿಸುವುದು, ಚಟ್ನಿ ರುಬ್ಬುವುದು, ಮುದ್ದಯ್ಯ ಲೋಟ ತೊಳೆಯುವುದು ಎಲ್ಲ ನೋಡಿದ್ದಳು. ಟೀ ಮುಗಿಸಿ ಚೀಲದಿಂದ ಒಂದು ಫೈಲು ತೆಗೆದಳು.

"ಮುದ್ದಯ್ಯನವರೇ, ನಾನು ಶ್ವೇತ. ಮಂಡ್ಯದಿಂದ ಬಂದಿದ್ದೀನಿ, ಮಾಜಿ ಸೈನಿಕರ ಮಳಿಗೆಗಳ ತಪಾಸಣೆಗೆ. ನಿಮ್ಮ ಮೇಲೊಂದು ದೂರು ಬಂದಿದೆ."

ಮುದ್ದಯ್ಯನ ಕೈ ಪೀಪಿಗೆ ಹೋಗಿ ಅಲ್ಲೇ ನಿಂತಿತು. ಜೀಪಿಗೆ ಪೀಪಿ ಊದಬಹುದು, ಸ್ಕೂಟರಿಗೆ ಯಾರು ಊದ್ತಾರೆ?

"ಮಳಿಗೆಯನ್ನ ನೀವು ನಡೆಸ್ತಿಲ್ಲ, ಬೇರೆಯವರು ನಡೆಸ್ತಿದ್ದಾರೆ ಅಂತ ದೂರು" ಅಂದಳು ಶ್ವೇತ. "ಒಲೆ ಹತ್ರ ಇರೋರು ಯಾರು?"

ಮುದ್ದಯ್ಯ ತಿರುಗಿ ನೋಡಿದ. ಗೇಟಿನ ಸಂದಿಯಲ್ಲಿ ಸಿದ್ದರಾಜುವಿನ ಹಲ್ಲು ಹೊಳೆಯುತ್ತಿತ್ತು. ಒಲೆ ಮುಂದೆ ದ್ಯಾವಮ್ಮ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

"ಅವ್ಳಾ? ಕೂಲಿಯವ್ಳು ಮೇಡಂ. ದಿನಾ ನಾನೇ ಮಾಡೋದು. ಇವತ್ತು ಯಾಕೋ ಸೊಂಟ ಇಡ್ಕಂಬುಟ್ಟದೆ."

ಯಾವತ್ತೂ ಆ ಮಾತನ್ನ ಹೇಳುತ್ತಿದ್ದವಳು ದ್ಯಾವಮ್ಮ. ಅವತ್ತು ಮೊದಲ ಸಲ ಗಂಡನ ಬಾಯಲ್ಲೇ ಕೇಳಿದಳು. ಅವಳು ಕೈ ತೊಳೆದುಕೊಂಡು ಹೊರಗೆ ಬಂದಳು.

"ಸರಿ, ಸೊಂಟಕ್ಕೆ ಜಾಸ್ತಿ ಕೆಲಸ ಕೊಡಲ್ಲ" ಅಂದಳು ಶ್ವೇತ. "ನಂಗೆ ಒಂದೇ ಒಂದು ಪ್ಲೇಟು ಉಪ್ಪಿಟ್ಟು ಮಾಡಿಕೊಡಿ. ನಾನೂ ತಿಂಡಿ ತಿಂದಿಲ್ಲ. ಅಮ್ಮ, ನೀವು ಇಲ್ಲೇ ಕೂತ್ಕೊಳ್ಳಿ, ಸಹಾಯ ಮಾಡೋ ಹಾಗಿಲ್ಲ."

ಒಂದು ಪ್ಲೇಟು! ಮುದ್ದಯ್ಯನ ಜೀವ ಬಾಯಿಗೆ ಬಂತು. ಒಂದು ಸಾವಿರ ಪ್ಲೇಟು ಅಂದಿದ್ದರೂ ಅವನು ಹೆದರುತ್ತಿರಲಿಲ್ಲ. ಸಣ್ಣ ಬಾಣಲೆ ಇಟ್ಟ. ಒಂದು ಹಿಡಿ ರವೆ ಹುರಿದ, ಅಲ್ಲೀವರೆಗೆ ಸರಿಯಾಗಿಯೇ ಇತ್ತು. ಉಪ್ಪಿನ ಡಬ್ಬಕ್ಕೆ ಕೈ ಹಾಕಿದಾಗ ಮನಸ್ಸು ಚಿಟಿಕೆ ಅಂದಿತು, ಕೈ ಮಾತ್ರ ಬೊಗಸೆ ಅಂದಿತು. ಹತ್ತೊಂಬತ್ತು ವರ್ಷದ ಕೈ, ಮಾತು ಕೇಳಲಿಲ್ಲ.

ಶ್ವೇತ ಒಂದು ಚಮಚ ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. ಎರಡು ಲೋಟ ನೀರು ಕುಡಿದು, ಕೆಮ್ಮಿ, ಫೈಲಿನ ಮೇಲೆ ಪೆನ್ನಿಟ್ಟಳು.

"ದಿನಾ ಇದನ್ನ ತಿಂದು ಜನ ಬದುಕಿದ್ದಾರೆ ಅಂದ್ರೆ ನಾನು ನಂಬಬೇಕಾ?"

"ನಾನ್ ಬರ್ದಿದ್ದು ಅದೇ ಮೇಡಂ!" ಅಂತ ಗೇಟಿನಿಂದ ಒಂದು ಧ್ವನಿ ಬಂತು. ದೂರು ಕೊಟ್ಟವನು ಯಾರು ಅಂತ ಇನ್ನು ವಿಚಾರಣೆ ಮಾಡುವ ಅಗತ್ಯ ಉಳಿಯಲಿಲ್ಲ. ಸಿದ್ದರಾಜು ನಾಲಿಗೆ ಕಚ್ಚಿಕೊಂಡ.

ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ಮುದ್ದಯ್ಯ ಅಡ್ಡ ನಿಂತ. "ಮೇಡಂ, ನಿಂತ್ಕಳಿ. ಒಬ್ಬರಿಗೆ ಮಾಡಾಕೆ ನಂಗೆ ಬರಾಕಿಲ್ಲ. ದೇವ್ರಾಣೆ ಬರಾಕಿಲ್ಲ. ನೂರಿಪ್ಪತ್ತು ಜನಕ್ಕೆ ಮಾಡು ಅನ್ನಿ. ಕೆಟ್ರೆ ನಾನೇ ಬೀಗದ ಕೈ ತಂದ್ ನಿಮ್ ಕೈಗೆ ಮಡಗ್ತೀನಿ."

"ನೂರಿಪ್ಪತ್ತು ಜನ ಎಲ್ಲಿದ್ದಾರೆ?"

ಮುದ್ದಯ್ಯ ಕಾಂಪೌಂಡಿನ ಕಡೆ ಕೈ ತೋರಿಸಿದ. ಬೆಳಿಗ್ಗೆ ಮೊದಲನೇ ಬಸ್ಸಿಗೆ ಬಂದ ಮುದುಕರು ಬಿಸಿಲು ಬಂದಂತೆಲ್ಲ ನೆರಳಿಗೆ ಸರಿಯುತ್ತ ಕೂತಿದ್ದರು. ಸಾಹೇಬರು ಇನ್ನೂ ಬಂದಿರಲಿಲ್ಲ. ಶ್ವೇತ ಅವರನ್ನೆಲ್ಲ ಒಂದು ಸಲ ನೋಡಿದಳು. ಕೈ ಗಡಿಯಾರ ನೋಡಿದಳು. ಪೆನ್ನಿನ ಮುಚ್ಚಳ ಹಾಕಿದಳು.

"ಮುಕ್ಕಾಲು ಗಂಟೆ" ಅಂದಳು.

ಅಷ್ಟೇ ಸಾಕಾಯ್ತು. ಪುರ್ರ್ ಅಂತ ಪೀಪಿ ಕೂಗಿತು. ಒಂದು ಪ್ಲೇಟಿಗೆ ಹೆದರಿದ್ದ ಮನುಷ್ಯ ಎಲ್ಲಿ ಹೋದನೋ ಗೊತ್ತಿಲ್ಲ. ಲೋಟ ತೊಳೆಯೋಕೆ ಅಂತ ಹಿಂದೆ ಇಟ್ಟಿದ್ದ ದೊಡ್ಡ ಕಬ್ಬಿಣದ ಕಡಾಯಿಯ ನೀರು ಚೆಲ್ಲಿ ಉಜ್ಜಿ ಬೆಳಗಿದ. ಪಿಂಚಣಿಗೆ ಬರುವ ದಿನ ಯೂನಿಟ್ಟಿನ ಹುಡುಗರು ನೆನಪಿಗೆ ಕೊಟ್ಟ ಕಡಾಯಿ ಅದು. ಎಲ್ಲರಿಗೂ ಗಡಿಯಾರ ಕೊಟ್ಟರೆ ಇವನಿಗೆ ಅದನ್ನ ಕೊಟ್ಟಿದ್ದರು, ಮೊದಲು ದ್ಯಾವಮ್ಮ ಅದರಲ್ಲಿ ದನಕ್ಕೆ ಹಿಂಡಿ ನೆನೆಹಾಕುತ್ತಿದ್ದಳು. ಮೂರು ಕಲ್ಲು ಇಟ್ಟ, ಸೌದೆ ಒಟ್ಟಿದ. ರಸ್ತೆ ಆ ಕಡೆಯ ಕಿಶನ್ ಅಂಗಡಿಯಿಂದ ರವೆ ಮೂಟೆ, ಎಣ್ಣೆ, ಪೇಪರ್ ತಟ್ಟೆ ಬಂದವು. ದ್ಯಾವಮ್ಮ ಎದ್ದು ಈಳಿಗೆಮಣೆಗೆ ಕೈ ಹಾಕಿದಳು.

"ನೀನ್ ಮುಟ್ಬ್ಯಾಡ!" ಅಂದ ಮುದ್ದಯ್ಯ. "ಮೇಡಂ ನೋಡ್ತಾವ್ರೆ." ಆಮೇಲೆ ಮುದುಕಿಯರ ಕಡೆ ತಿರುಗಿ, "ಏನ್ರವ್ವ, ಸುಮ್ಕೆ ಕೂತಿದ್ದೀರಿ, ಈರುಳ್ಳಿ ಸುಲೀರಿ!" ಅಂತ ಗದರಿದ. ಅವರು ಪಿಂಚಣಿ ಕಾಗದ ಮಡಿಲಿಗೆ ಸಿಕ್ಕಿಸಿಕೊಂಡು ಈರುಳ್ಳಿ ಸುಲಿದರು.

ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಕರಿಬೇವು ಚಟಪಟ ಅಂತು. ಈರುಳ್ಳಿ ಬಾಡುವ ವಾಸನೆಗೆ ಕಚೇರಿಯ ಗುಮಾಸ್ತರೆಲ್ಲ ಕಿಟಕಿಗೆ ಬಂದರು. ಮುದ್ದಯ್ಯ ಯಾವುದನ್ನೂ ಅಳೆಯಲಿಲ್ಲ, ರುಚಿ ನೋಡಲಿಲ್ಲ. ಬೊಗಸೆ ತುಂಬಿ ತುಂಬಿ ಉಪ್ಪು ಎಸೆದ. ಶ್ವೇತ ಹೆದರಿ ಕಣ್ಣು ಮುಚ್ಚಿದಳು. ಮಾರುದ್ದದ ಸಟ್ಟುಗ ಎರಡು ಕೈಯಲ್ಲಿ ಹಿಡಿದು ಅವನು ರವೆ ತಿರುವುತ್ತಿದ್ದರೆ ಅವನ ಸೊಂಟದ ನೋವು ಎಲ್ಲಿತ್ತೋ ಅವನಿಗೂ ನೆನಪಿರಲಿಲ್ಲ.

"ಲೈನು! ಒಬ್ರ ಹಿಂದೆ ಒಬ್ರು! ನೂಕಾಡ್ದೇ ಇರೋರಿಗೆ ಡಬಲ್, ನೂಕಾಡಿದೋರಿಗೆ ಇಲ್ಲ!" ಅಂತ ಪೀಪಿ ಊದಿದ. ಮುದುಕರು, ಗುಮಾಸ್ತರು, ಸ್ಟ್ಯಾಂಪು ಪೇಪರಿನವರು, ಕಚೇರಿಯ ಡ್ರೈವರು, ಕಟ್ಟು ಹಾಕೋಕೆ ಗಾಜು ತರಲು ಹೊರಟಿದ್ದ ಪೀರ್ ಅಹಮದ್ ಸಮೇತ ಎಲ್ಲರೂ ಸಾಲಿಗೆ ನಿಂತರು. ಮುದ್ದಯ್ಯ ತಲೆ ಎತ್ತದೆ ತಟ್ಟೆಗೊಂದು ಸೌಟು, ಬಾಯಲ್ಲಿ ಎಣಿಕೆ. "ಒಂದು... ಎರಡು..." ಯಾರ ಮುಖವನ್ನೂ ನೋಡುತ್ತಿರಲಿಲ್ಲ, ತಟ್ಟೆ ಮಾತ್ರ.

ಎಂಬತ್ತೊಂಬತ್ತನೇ ತಟ್ಟೆ ಹಿಡಿದ ಕೈ ಯಾಕೋ ಎಲ್ಲೋ ನೋಡಿದಂತಿತ್ತು. ತಲೆ ಎತ್ತಿದ. ಟವಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡ ಸಿದ್ದರಾಜು.

"ಮೂವತ್ತನೇ ತಟ್ಟೇನೂ ನಿಂದೇ ಅಲ್ವೇನ್ಲಾ?"

"ಉಪ್ಪು ಸರಿಯಾಗಿ ಬಿದ್ದದೋ ಇಲ್ವೋ ಅಂತ ಇನ್ನೊಂದ್ಸತಿ ನೋಡವಾ ಅಂತ ಬಂದೆ ಕಣಣ್ಣ" ಅಂದ ಸಿದ್ದರಾಜು.

"ಸಿಪಾಯಿ ಸಿಕ್ಕಾಕ್ಕಂಡ!" ಅಂತ ಹಿಂದಿನಿಂದ ಯಾರೋ ಮುದುಕ ಕೂಗಿದ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಸಿದ್ದರಾಜು ಕಿವಿ ಕೆಂಪಗೆ ಮಾಡಿಕೊಂಡ, ತಟ್ಟೆ ಮಾತ್ರ ವಾಪಸು ಮಾಡಲಿಲ್ಲ. ಮುದ್ದಯ್ಯ ಒಂದು ಸೌಟು ಹಾಕಿಯೇ ಕಳಿಸಿದ. ಅವನಂಥ ಅಡುಗೆಯವನಿಗೆ ಎರಡನೇ ಸಲ ಬಂದವನ ಮೇಲೆ ಸಿಟ್ಟು ಮಾಡಿಕೊಳ್ಳೋಕೆ ಆಗುವುದಿಲ್ಲ.

ನೂರಾ ಹತ್ತೊಂಬತ್ತಕ್ಕೆ ಸಾಲು ಮುಗಿಯಿತು. ಕಡಾಯಿಯ ತಳದಲ್ಲಿ ಉಳಿದದ್ದು ಸರಿಯಾಗಿ ಒಂದು ತಟ್ಟೆ. ಅದನ್ನ ಮುದ್ದಯ್ಯ ಶ್ವೇತಳ ಮುಂದೆ ಇಟ್ಟು ಅಟೆನ್ಷನ್ನಲ್ಲಿ ನಿಂತ. ಅವಳು ಮೊದಲು ಚಮಚದ ತುದಿಯಲ್ಲಿ ಹೆದರಿಕೊಂಡೇ ತಿಂದಳು, ಆಮೇಲೆ ಚಮಚ ಬಿಟ್ಟು ಕೈಯಲ್ಲೇ ತಿಂದಳು, ತಟ್ಟೆ ಒರಸಿದಳು.

"ಅಡುಗೆ ಬರುತ್ತೆ, ಒಪ್ಕೊಂಡೆ" ಅಂದಳು. "ಆದ್ರೆ ದಿನಾ ನೂರಿಪ್ಪತ್ತು ಜನ ಬರಲ್ಲ. ಬೇರೆ ದಿನ ಯಾರು ಮಾಡೋದು? ನಿಜ ಹೇಳಿ."

ನಾನೇ ಮೇಡಂ ಅನ್ನುವುದು ಮುದ್ದಯ್ಯನ ನಾಲಿಗೆ ತುದಿಯಲ್ಲೇ ಇತ್ತು. ಅದೊಂದು ಸುಳ್ಳು ಹೇಳಿದರೆ ಅಂಗಡಿ ಉಳಿಯುತ್ತಿತ್ತು, ಸುಳ್ಳಿಗೇನು ಅವನಲ್ಲಿ ಬರವೇ? ಬಾಯಿ ತೆರೆದವನು ಅಭ್ಯಾಸ ಬಲದಿಂದ ಹೆಂಡತಿಗೆ ಕಣ್ಣು ಹೊಡೆಯೋಕೆ ಅಂತ ಹುಡುಕಿದ. ಒಲೆ ಹತ್ತಿರ ಇರಲಿಲ್ಲ, ಹಿಂದೆಯೂ ಇರಲಿಲ್ಲ. ಹೊಂಗೆ ಮರದ ಕೆಳಗೆ, ಪಿಂಚಣಿ ಮುದುಕಿಯರ ಸಾಲಿನ ಕೊನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಪೇಪರ್ ತಟ್ಟೆ, ತಟ್ಟೆಯಲ್ಲಿ ಅರ್ಧ ತಿಂದ ಉಪ್ಪಿಟ್ಟು.

ಅಂದರೆ ಅವಳೂ ಸಾಲಿಗೆ ನಿಂತಿದ್ದಳು. ತನ್ನ ಅಂಗಡಿಯ ಮುಂದೆ ತಾನೇ ತಟ್ಟೆ ಚಾಚಿಕೊಂಡು ಬಂದಿದ್ದಳು. ಅವನೇ ಬಡಿಸಿದ್ದ, ಮುಖ ನೋಡದೆ ಎಣಿಸಿ ಮುಂದಕ್ಕೆ ಕಳಿಸಿದ್ದ. ಎಷ್ಟನೆಯವಳೋ ಅವನಿಗೆ ಗೊತ್ತೇ ಇಲ್ಲ. ಸಿದ್ದರಾಜುವಿನ ಕೈ ಗುರುತು ಸಿಕ್ಕಿತ್ತು, ಹೆಂಡತಿಯ ಕೈ ಗುರುತು ಸಿಕ್ಕಿರಲಿಲ್ಲ.

ಮುದ್ದಯ್ಯನ ಅಟೆನ್ಷನ್ನು ಸಡಿಲವಾಯಿತು.

"ಅಲ್ ಕೂತವ್ಳಲ್ಲ ಮೇಡಂ, ಅವ್ಳು ಮಾಡೋದು. ಕೂಲಿಯವ್ಳಲ್ಲ. ನನ್ನೆಂಡ್ತಿ. ಮೂರೊರ್ಸದಿಂದ ಈ ಅಂಗ್ಡಿ ಅವ್ಳೇ ನಡೆಸ್ತಾವ್ಳೆ, ಅದಕ್ ಮುಂಚೆ ಮನೇನೂ ಅವ್ಳೇ ನಡೆಸಿದ್ಲು. ನಾನು ಬೋರ್ಡು. ಬರ್ಕಳಿ ಮೇಡಂ. ರದ್ದಾದ್ರೆ ಆಗ್ಲಿ."

"ಅಯ್ಯೋ ನಿಮ್ ಬಾಯಿಗ್ ಬೆಂಕಿ ಬೀಳ!" ಅಂತ ದ್ಯಾವಮ್ಮ ತಟ್ಟೆ ಬಿಟ್ಟು ಎದ್ದು ಬಂದಳು. "ಜೀಮಾನ್ವೆಲ್ಲ ಸುಳ್ಳೇಳ್ಕಂಡ್ ಬಂದು, ಬೇಕಾದ್ ವತ್ನಲ್ಲಿ ನಿಜ ಹೇಳ್ಬುಟ್ರಲ್ಲ! ಇಲ್ಲ ಕನಿ ಮೇಡಮ್ಮೋರೆ, ಅವ್ರೇ ಮಾಡದು, ದಿನಾ ಅವ್ರೇ..."

ಶ್ವೇತ ಇಬ್ಬರನ್ನೂ ನೋಡಿದಳು. "ಇವರು ನಿಮ್ಮ ಹೆಂಡತಿನಾ? ಅದನ್ನ ಮೊದಲೇ ಹೇಳಬಾರದಾ? ನಿಮ್ಮ ಮಂಜೂರಾತಿ ಪತ್ರ ಎಲ್ಲಿ?"

ಮುದ್ದಯ್ಯ ಗೋಡೆ ತೋರಿಸಿದ. ಕುಂಕುಮ, ಸೇವಂತಿಗೆ, ಮೂಲೆಯಲ್ಲಿ ಮೀಸೆ ಹೊತ್ತ ಫೋಟೋ. ಶ್ವೇತ ಹತ್ತಿರ ಹೋಗಿ ಓದಿದಳು.

"ಎರಡನೇ ಪುಟ?"

ಮುದ್ದಯ್ಯ ತಲೆ ಕೆರೆದುಕೊಂಡ. ಸಾಲಿನ ಕಡೆಯಿಂದ ಪೀರ್ ಅಹಮದ್ ಕೈ ಎತ್ತಿದ. "ಅದು ಒಳಗೆ ಐತೆ ಮೇಡಂ. ಗೋಡೆ ಕಡೆ ಮಕ ಮಾಡ್ಕೊಂಡು. ಇವ್ರೇ ಹೇಳಿದ್ದು, ನಾನು ಹಾಕ್ದೆ."

ಉಪ್ಪಿಟ್ಟಿನ ಕೈ ಒರಸಿಕೊಂಡು ಬಂದು, ಜೇಬಿನ ಇಕ್ಕಳದಿಂದ ಅವನೇ ಒಂದೊಂದು ಮೊಳೆ ಎಳೆದ. ರಟ್ಟು ತೆಗೆದ. ಮೂರು ವರ್ಷ ಹೊಗೆ ಕಾಣದ ಎರಡನೇ ಹಾಳೆ ಹಾಲಿನಂಗೆ ಬೆಳ್ಳಗಿತ್ತು. ಶ್ವೇತ ಅದನ್ನ ಮುದ್ದಯ್ಯನ ಕೈಗೆ ಕೊಡಲಿಲ್ಲ, ದ್ಯಾವಮ್ಮನ ಕೈಗೆ ಕೊಟ್ಟಳು. ಏಳನೇ ಕ್ಲಾಸು ಓದಿದವಳು ಅವಳು. ಬೆರಳಿಟ್ಟುಕೊಂಡು ನಿಧಾನಕ್ಕೆ, ಎಲ್ಲರಿಗೂ ಕೇಳುವಂಗೆ ಓದಿದಳು.

"‘ಆದರೆ... ಅರ್ಜಿಯಲ್ಲಿ ನಮೂದಿಸಿರುವ ಅವರ ಪತ್ನಿ... ಶ್ರೀಮತಿ ದ್ಯಾವಮ್ಮ ಇವರು... ಮಳಿಗೆಯನ್ನು ನಡೆಸಲು ಸಮಾನ ಹಕ್ಕುಳ್ಳವರಾಗಿರುತ್ತಾರೆ.’"

ದ್ಯಾವಮ್ಮ ಆ ಸಾಲನ್ನ ಇನ್ನೊಂದು ಸಲ ಓದಿದಳು, ಈ ಸಲ ಮನಸ್ಸಿನಲ್ಲೇ. ತನ್ನ ಹೆಸರಿನ ಮೇಲೆ ಬೆರಳು ನಿಲ್ಲಿಸಿದಳು.

"ದಿನಾ ಊದುಬತ್ತಿ ಹಚ್ತಿದ್ನಲ್ಲ ಇದ್ಕೆ" ಅಂದಳು ಮೆಲ್ಲಗೆ. "ನಾನು ಇದ್ರೊಳ್ಗೇ ಇದ್ನಲ್ಲ."

ಮುದ್ದಯ್ಯ ನೆಲ ನೋಡುತ್ತಿದ್ದ. ಎಷ್ಟು ಪೀಪಿ, ಎಷ್ಟು ಸಲ ಸೆರಗು, ಎಷ್ಟು ಸಲ ‘ಕೂಲಿಯವ್ಳು ಸಾ’. ಒಂದು ಹಾಳೆ ತಿರುಗಿಸಿದ್ದರೆ ಯಾವುದೂ ಬೇಕಿರಲಿಲ್ಲ. "ತಪ್ಪಾಯ್ತು ಅಮ್ಮಿ" ಅಂದ, ಅಷ್ಟು ಜನರ ಮುಂದೆಯೇ.

ಶ್ವೇತ ಫೈಲಿನಲ್ಲಿ ಬರೆದಳು: ‘ಮಳಿಗೆಯನ್ನು ಪತ್ನಿಯವರು ನಡೆಸುತ್ತಿದ್ದಾರೆ. ದೂರಿನಲ್ಲಿ ಹುರುಳಿಲ್ಲ.’ ಹೋಗುವ ಮುಂಚೆ, "ಅದಾಲತ್ತಿನ ದಿನ ಇವರೆಲ್ಲರಿಗೂ ನೀವೇ ತಿಂಡಿ ಮಾಡಿದರೆ ಹೇಗೆ ಅಂತ ಕಚೇರಿಯವರನ್ನ ಕೇಳಿ ನೋಡ್ತೀನಿ" ಅಂದು ಹೆಲ್ಮೆಟ್ಟು ಹಾಕಿಕೊಂಡಳು. ಮುದ್ದಯ್ಯನ ಮೀಸೆ ಮತ್ತೆ ಮೇಲೇಳುತ್ತಿತ್ತು. ಅಷ್ಟರಲ್ಲಿ ದ್ಯಾವಮ್ಮ ಬಾಯಿ ತೆರೆದಳು.

"ಪೀರಣ್ಣ, ಇದ್ನ ಮತ್ತೆ ಕಟ್ಟಾಕ್ಕೊಡಿ. ಈ ಹಾಳೆ ಈಚೆ ಕಡೆ ಇರ್ಲಿ. ಆ ಹಾಳೆ ಗೋಡೆ ಕಡೆಗೆ."

"ಅಮ್ಮಿ, ಆ ಹಾಳೇಲಿ ನನ್ ಫೋಟೋ ಐತೆ!"

"ಗೊತ್ತು. ಮೂರೊರ್ಸ ನಾನ್ ಹಿಂದಿದ್ದೆ. ಇನ್ ಮೂರೊರ್ಸ ನೀವಿರಿ."

ಪೀರ್ ಅಹಮದ್ ಮುದ್ದಯ್ಯನ ಮುಖ ನೋಡಿದ, ದ್ಯಾವಮ್ಮನ ಮುಖ ನೋಡಿದ, "ಯಾ ಅಲ್ಲಾ" ಅಂದು ದ್ಯಾವಮ್ಮ ಹೇಳಿದಂತೆ ಮೊಳೆ ಹೊಡೆದ.

ಈಗ ಪೇಟೆಗೆ ಹೋದರೆ ನೀವೂ ನೋಡಬಹುದು. ಗೋಡೆಯ ಮೇಲೆ ಕುಂಕುಮ ಹಚ್ಚಿದ ಎರಡನೇ ಪುಟ ಇದೆ. ತಿಂಗಳಿಗೊಂದು ಗುರುವಾರ ಕಡಾಯಿ ಹೊರಗೆ ಬರುತ್ತದೆ, ಅವತ್ತು ದ್ಯಾವಮ್ಮ ಬೆಂಚಿನ ಮೇಲೆ ಕೂತು ತಿನ್ನುತ್ತಾಳೆ, ಮೊದಲನೇ ತಟ್ಟೆ ಅವಳದ್ದೇ. ಉಳಿದ ದಿನ ಮುದ್ದಯ್ಯ ಲೋಟ ತೊಳೆಯುತ್ತ ಸುಳ್ಳು ಹೇಳುತ್ತಾನೆ. ಜೀಪು ಬಂದರೆ ಪೀಪಿ ಊದುವವರಿಲ್ಲ. ಯಾರಾದರೂ ಹಳೇ ಗಿರಾಕಿಗಳು, ನಿನ್ನ ಯೂನಿಫಾರಂ ಫೋಟೋ ಎಲ್ಲಯ್ಯ ಅಂತ ಕೇಳಿದರೆ, ಅವನು ಕಣ್ಣು ಮಿಟುಕಿಸದೆ ಹೇಳುತ್ತಾನೆ.

"ಡ್ಯೂಟಿ ಮೇಲವ್ನೆ ಕಣಣ್ಣ. ಗೋಡೆ ಕಾಯ್ತಾವ್ನೆ."

"ಇನ್ನೂ ಎರಡೂವರೆ ವರ್ಸ ಸರ್ವೀಸ್ ಬಾಕಿ ಐತೆ" ಅಂತ ಒಲೆ ಮುಂದಿನಿಂದ ದ್ಯಾವಮ್ಮ ಹೇಳುತ್ತಾಳೆ.